ಥಿಯೇಟರ್‌ನಲ್ಲಿ ಆಪರೇಟರ್

ನಮ್ಮ ಮನೆಯಲ್ಲಿ ಥಿಯೇಟರ್ ಎಂಬ ಪದವನ್ನು ಯಾರೂ ಸುಮ್ಮಸುಮ್ಮನೆ ಬಾಯಿಗೆ ತರುವುದಿಲ್ಲ. ತಂದರೆ ಯಾವ ಥಿಯೇಟರ್ ಎಂದು ಜೊತೆಗೇ ಹೇಳಿಬಿಡಬೇಕು. ಈ ಎಚ್ಚರಿಕೆ ಇಲ್ಲದ ಕಾಲದಲ್ಲಿ ಅಪ್ಪ ಅಮ್ಮನ ಮದುವೆ ಆಯಿತು, ಎಚ್ಚರಿಕೆ ಇಲ್ಲದ್ದರಿಂದಲೇ ಅದು ಮುರಿದುಬೀಳುವುದರಲ್ಲೂ ಇತ್ತು.

ಅಮ್ಮನ ಅಪ್ಪ ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್. ಸಂಬಂಧ ತಂದವರು "ಹುಡುಗ ಥಿಯೇಟರ್‌ನಲ್ಲಿ ಆಪರೇಟರ್" ಎಂದಾಗ ತಾತ ಎರಡನೇ ಮಾತು ಕೇಳಲಿಲ್ಲ. ಔಷಧದ ಬಾಟಲಿಗಳ ನಡುವೆಯೇ ತಲೆ ನರೆತ ಅವರಿಗೆ ಥಿಯೇಟರ್ ಎಂದರೆ ಒಂದೇ, ಹಸಿರು ಪರದೆಯ ಹಿಂದೆ ಡಾಕ್ಟರು ಹೊಟ್ಟೆ ಕೊಯ್ಯುವ ಜಾಗ. ಕೆಲಸ ಬಹಳ ಜವಾಬ್ದಾರಿಯದು, ಕೈ ಸ್ವಲ್ಪ ತಪ್ಪಿದರೂ ಜನ ಗಲಾಟೆ ಮಾಡುತ್ತಾರೆ ಎಂದು ಅಪ್ಪನ ಕಡೆಯವರು ಸೇರಿಸಿದರಂತೆ. ಅದೂ ತಾಳೆಯಾಯಿತು. ಅಳಿಯ ಸರ್ಜನ್ನರ ಬಲಗೈ ಎಂದು ತಾತ ಊರಿಗೆಲ್ಲ ಸಾರಿದರು.

ಹುಡುಗ ಊರಿನ ಒಂದೇ ಒಂದು ಚಿತ್ರಮಂದಿರದಲ್ಲಿ ರೀಲು ಓಡಿಸುವವನು ಎಂದು ತಿಳಿದದ್ದು ಮದುವೆಯಾದ ಮೇಲೆ. ಯಾರೂ ಸುಳ್ಳು ಹೇಳಿರಲಿಲ್ಲ, ಹಾಗಾಗಿ ಜಗಳವಾಡಲೂ ದಾರಿ ಇರಲಿಲ್ಲ. ಅಮ್ಮ ಆ ಥಿಯೇಟರಿನ ಮೆಟ್ಟಿಲು ಹತ್ತುವುದಿಲ್ಲ ಎಂದು ತೀರ್ಮಾನಿಸಿದಳು. ಜೊತೆಗೆ ಅಪ್ಪ ಏನು ಮಾಡಿದರೂ ಅದಕ್ಕೆ ಒಂದೇ ಪದ ಇಟ್ಟುಕೊಂಡಳು. ಅಡುಗೆ ಹೊಗಳಿದರೆ ನಾಟಕ, ಜ್ವರ ಬಂದು ಮಲಗಿದರೆ ನಾಟಕ, ಸುಮ್ಮನೆ ಕೂತರೆ ಅದಂತೂ ದೊಡ್ಡ ನಾಟಕ.

ಇದರಿಂದ ನಿಜವಾಗಿ ನೊಂದುಕೊಂಡವರು ನನ್ನ ಸೋದರಮಾವ. ಅವರು ನಾಟಕದಲ್ಲಿ ಪಾರ್ಟು ಮಾಡುವವರು. ತಮ್ಮ ಜಾಗವನ್ನು ಬಾಯ್ತುಂಬ ರಂಗಮಂದಿರ ಎನ್ನುತ್ತಿದ್ದರು, ಅಪ್ಪನ ಜಾಗವನ್ನು ಮೂಗು ಮುರಿದು ಟಾಕೀಸು ಎನ್ನುತ್ತಿದ್ದರು. ಥಿಯೇಟರ್ ಎಂಬುದು ಅವರ ಬಾಯಲ್ಲೂ, ತಾತನ ಬಾಯಲ್ಲಿ ಇದ್ದಂತೆ, ಆಸ್ಪತ್ರೆಯದೇ ಆಗಿ ಉಳಿದಿತ್ತು. ನಾಟಕ ಅಂದರೆ ಬೈಗುಳವೇನೇ ಎಂದು ಅವರು ತಂಗಿಯನ್ನು ಕೇಳಿದರೆ ಅಮ್ಮ, ನಿನಗಾದರೂ ಪಾತ್ರ ಸಿಕ್ಕಿತು, ನನಗೆ ತೊಳೆಯುವ ಪಾತ್ರೆ ಸಿಕ್ಕಿತು ಎನ್ನುತ್ತಿದ್ದಳು.

ಅಪ್ಪನಿಗೆ ಇದ್ದದ್ದು ಒಂದೇ ಹೆಮ್ಮೆ. ಅವರ ಕೈಯಲ್ಲಿ ಆಟ ಯಾವತ್ತೂ ತಡವಾಗಿ ಶುರುವಾಗಿರಲಿಲ್ಲ. ನಾನು ಹುಟ್ಟಿದ ದಿನವೂ ಮ್ಯಾಟಿನಿ ಬಿಟ್ಟ ಮೇಲೆಯೇ ಅವರು ಆಸ್ಪತ್ರೆಗೆ ಬಂದದ್ದು. ಅಮ್ಮ ಅದನ್ನು ಮರೆಯಲಿಲ್ಲ, ನಮ್ಮನ್ನು ಮರೆಯಲು ಬಿಡಲೂ ಇಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ, ಅಪ್ಪ ಕೆಲಸಕ್ಕೆ ಹೋದ ಮೇಲೆ, ಅಮ್ಮನಿಗೆ ಹೊಟ್ಟೆನೋವು ಬಂತು. ಮಧ್ಯಾಹ್ನದ ಹೊತ್ತಿಗೆ ನೆಲದಲ್ಲಿ ಮುದುಡಿಕೊಂಡಿದ್ದಳು. ನಾನೂ ಮಾವನೂ ಸೇರಿ ಆಸ್ಪತ್ರೆಗೆ ಸೇರಿಸಿದೆವು. ಅಪೆಂಡಿಕ್ಸ್, ಕೂಡಲೇ ತೆಗೆಯಬೇಕು ಎಂದರು ಡಾಕ್ಟರು. ಅಮ್ಮ ಮಾವನ ಅಂಗಿ ಹಿಡಿದೆಳೆದು, ಅವರಿಗೆ ಫೋನ್ ಮಾಡು, ಈ ಸಲವಾದರೂ ಬರಲಿ ಎಂದಳು. ಅಷ್ಟು ವರ್ಷಗಳಲ್ಲಿ ಅವಳು ಅಪ್ಪನಿಂದ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಸ್ಪತ್ರೆಯ ಮೆಟ್ಟಿಲ ಪಕ್ಕದ ಫೋನಿನಲ್ಲಿ ಮಾವ ಮಾತಾಡಿದರು. ನಾನು ಪಕ್ಕದಲ್ಲೇ ಇದ್ದೆ.

"ಅವಳನ್ನ ಥಿಯೇಟರ್‌ಗೆ ಕರ್ಕೊಂಡು ಹೋಗ್ತಿದ್ದಾರೆ. ನೀನು ಅಲ್ಲಿರ್ಬೇಕಂತೆ."

ಆ ಕಡೆಯಿಂದ ಅಪ್ಪನ ದನಿ ನನಗೂ ಕೇಳಿಸಿತು.

"ನಾನು ಇಲ್ಲೇ ಇರ್ತೀನಿ ಭಾವ. ಇಲ್ಲೇ ಇರ್ತೀನಿ."

ಮಾವ ಫೋನು ಕುಕ್ಕಿದರು. ಸ್ಟ್ರೆಚರ್ ತಳ್ಳುತ್ತಿದ್ದಾಗ ಆ ಮಾತನ್ನು ಒಂದಕ್ಷರ ಹೆಚ್ಚುಕಮ್ಮಿ ಮಾಡದೆ ತಂಗಿಗೆ ಒಪ್ಪಿಸಿದರು. ಅಮ್ಮ ಆಯ್ತು ಬಿಡು ಎಂದು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು.

ಅಪ್ಪ ಬಂದದ್ದು ಸಂಜೆ, ಪಕ್ಕದ ಮನೆಯವರಿಂದ ವಿಷಯ ತಿಳಿದು. ಮಂಚದ ಕಾಲಬುಡದಲ್ಲಿ ನಿಂತು ಎಲ್ಲ ಹೇಳಿದರು. ಕೊನೆಗೂ ಅವಳ ಮನಸ್ಸು ಕರಗಿತು, ಸಿನಿಮಾ ನೋಡಲು ಬರುತ್ತಿದ್ದಾಳೆ ಎಂದುಕೊಂಡರಂತೆ, ಗೇಟಿನಲ್ಲಿ ಕಾದರಂತೆ. ಮಾವ ನಟನ ಕಣ್ಣಿನಲ್ಲಿ ಅಳೆದು, ಮಾತು ಪರವಾಗಿಲ್ಲ, ಅಭಿನಯ ಸಾಲದು ಎಂದರು. ಅಮ್ಮ ಎಂದಿನ ಪದವನ್ನೇ ಹೇಳಿದಳು, ಆದರೆ ಎಂದಿನ ಸಿಟ್ಟಿರಲಿಲ್ಲ. ಇಲ್ಲಿಂದ ಅಣ್ಣನ ಮನೆಗೆ ಹೋಗುತ್ತೇನೆ, ನೀನೂ ಬಟ್ಟೆ ಜೋಡಿಸಿಕೋ ಎಂದು ನನಗೆ ಹೇಳಿದಳು. ಅವಳು ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಅಪ್ಪ ಮರುದಿನದಿಂದ ವರಾಂಡದವರೆಗೆ ಬಂದು, ನನ್ನಿಂದ ಸಮಾಚಾರ ಕೇಳಿ, ಹಾಗೇ ಹಿಂದಿರುಗುತ್ತಿದ್ದರು.

ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡ ಹೆಂಗಸೊಬ್ಬಳಿದ್ದಳು. ಅವಳ ಗಂಡ ಗಡಿಯಾರ ರಿಪೇರಿಯವನು. ಊಟ ತಡ, ನರ್ಸು ತಡ, ಲಿಫ್ಟು ತಡ ಎಂದು ಗೊಣಗುವುದೇ ಅವನ ಕಸುಬು. ಅಮ್ಮನನ್ನು ಮನೆಗೆ ಕಳಿಸುವ ಹಿಂದಿನ ದಿನ ಅವನ ಗೊಣಗಾಟ ಸಿನಿಮಾದ ಕಡೆಗೆ ಹೊರಳಿತು. ಈಚೆಗೆ ಒಂದು ಮಧ್ಯಾಹ್ನ ಬೇಸರ ಕಳೆಯಲು ಹೋಗಿದ್ದನಂತೆ.

"ಅಂಥ ಥಿಯೇಟರ್ ನಾನು ಕಂಡೇ ಇಲ್ಲ. ಟೈಮಾಯ್ತು, ಆಟ ಶುರು ಇಲ್ಲ. ಜನ ಶಿಳ್ಳೆ ಹೊಡೆದ್ರು, ಕುರ್ಚಿ ಬಡಿದ್ರು. ಆಪರೇಟರ್ ನೋಡಿದ್ರೆ ತಲೆ ಬಾಚ್ಕೊಂಡು ಗೇಟಲ್ಲಿ ನಿಂತಿದಾನೆ, ಹೊಸ ಮದುವಣಿಗನ ಥರ. ಹೆಂಡ್ತಿ ಬರ್ತಾಳಂತೆ. ಬಾಲ್ಕನಿ ಮೂಲೆ ಸೀಟು ಒರೆಸಿ ತನ್ನ ಟವೆಲ್ ಹಾಸಿಟ್ಟಿದ್ದ. ನಾನು ಕೂತ್ರೆ ಎಬ್ಬಿಸ್ದ. ಓನರ್ ಬಂದು ಎಲ್ರೆದುರಿಗೆ ಬೈದ್ರೂ ಅಲ್ಲಾಡ್ಲಿಲ್ಲ. ಆ ಮಹಾತಾಯಿ ಕೊನೆಗೂ ಬರ್ಲೇ ಇಲ್ಲ."

ಅಮ್ಮ ಈ ಕಡೆ ತಿರುಗಿ, ಎಷ್ಟು ಹೊತ್ತು ಕಾದರು ಎಂದು ಅವನನ್ನು ಕೇಳಿದಳು. ಅವನು ಕೈಗಡಿಯಾರ ನೋಡಿಕೊಂಡು, ಅರ್ಧ ಗಂಟೆಗೆ ಕಮ್ಮಿ ಇಲ್ಲ ಎಂದ. ಮಹಾತಾಯಿ ಯಾರೆಂದು ಅವನಿಗೆ ಗೊತ್ತಾಗಲಿಲ್ಲ, ನಾವೂ ಹೇಳಲಿಲ್ಲ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಅತ್ತಳು. ಎರಡಕ್ಕೂ ಹೊಲಿಗೆ ಒಂದೇ ಥರ ನೋಯುತ್ತದೆ ಎಂದು ನನಗೆ ಹೇಳಿದಳು.

ಮರುದಿನ ಮಾವ ಟ್ಯಾಕ್ಸಿ ತಂದರು. ಎಲ್ಲಿಗೆ ಎಂದು ಡ್ರೈವರ್ ಕೇಳಿದ. ಮಾವ ಬಾಯಿ ತೆರೆಯುವುದರೊಳಗೆ ಅಮ್ಮ ಥಿಯೇಟರ್‌ಗೆ ಎಂದಳು. ಡ್ರೈವರ್ ನಾವು ಹೊರಬಂದ ಬಾಗಿಲನ್ನೇ ತಿರುಗಿ ನೋಡಿದ. ಮಾವ ಗಾಬರಿಯಾಗಿ, ಹೊಲಿಗೆ ಬಿಚ್ಚಿಕೊಂಡಿತೇ ಎಂದರು.

"ನಿನ್ನ ಥಿಯೇಟರ್ ಅಲ್ಲಣ್ಣ. ನಮ್ಮವರದ್ದು."

ಮ್ಯಾಟಿನಿಗೆ ಜನ ಆಗಲೇ ಒಳಗೆ ಕೂತಿದ್ದರು. ಬಾಲ್ಕನಿಯ ಮೆಟ್ಟಿಲನ್ನು ಅಮ್ಮ ನನ್ನ ಹೆಗಲು ಹಿಡಿದು, ನಿಂತು ನಿಂತು ಹತ್ತಿದಳು. ಮೇಲೆ ಕ್ಯಾಬಿನ್ನಿನ ಬಾಗಿಲಲ್ಲಿ ಅಪ್ಪ ಇದ್ದರು. ನಮ್ಮನ್ನು ಕಂಡು ಅವರ ಕೈಯಲ್ಲಿದ್ದ ಖಾಲಿ ರೀಲು ಕೆಳಗೆ ಬಿದ್ದು ಉರುಳಿಕೊಂಡು ಹೋಯಿತು. ಅದನ್ನು ಎತ್ತಿಕೊಳ್ಳಲಿಲ್ಲ. ಮೂಲೆಯ ಸೀಟನ್ನು ಒರೆಸಿದರು, ಟವೆಲ್ ಮಡಚಿ ಹಾಸಿದರು, ತೆಗೆದು ಬೇರೆ ಥರ ಮಡಚಿ ಮತ್ತೆ ಹಾಸಿದರು. ಫ್ಯಾನ್ ಗಾಳಿ ಹೆಚ್ಚಾಯಿತೇ, ನೀರು ಬೇಕೇ, ಕಾಲಿಗೆ ಸ್ಟೂಲು ಕೊಡಲೇ ಎಂದು ಕೇಳಿದ್ದನ್ನೇ ಕೇಳಿದರು. ಕೆಳಗೆ ಶಿಳ್ಳೆ ಶುರುವಾಯಿತು, ಆಮೇಲೆ ಕುರ್ಚಿ ಬಡಿಯುವುದು. ಅಪ್ಪನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

ಅಮ್ಮ ಅವರ ತೋಳು ಹಿಡಿದು ಕ್ಯಾಬಿನ್ನಿನ ಕಡೆಗೆ ಮೆಲ್ಲಗೆ ತಳ್ಳಿದಳು.

"ನಾಟಕ ಸಾಕು. ಆಟ ಶುರು ಮಾಡಿ."