ಹೋದ ಕರೆಂಟು, ತೆಗೆದ ಕರೆಂಟು

ಕರೆಂಟು ಹೋದರೆ ಬೀದಿಯವರೆಲ್ಲ ಒಂದೇ ದನಿಯಲ್ಲಿ ಶಪಿಸುತ್ತಾರೆ. ಇಸ್ತ್ರಿಯವಳಿಗೆ ಮಾತ್ರ ಜೀವ ಹಗುರಾಗುತ್ತದೆ. ಅವಳದು ಇಂದಿಗೂ ಕೆಂಡದ ಪೆಟ್ಟಿಗೆ. ಮನೆಯ ಬಲ್ಬಿನ ಸ್ವಿಚ್ಚನ್ನೂ ಮಗಳೇ ಒತ್ತಬೇಕು. "ಕಾಲ ಎಲ್ಲಿಗೋ ಹೋಯ್ತು, ಕರೆಂಟಿನ ಪೆಟ್ಟಿಗೆ ತಗೊಳ್ಳಮ್ಮ" ಎಂದು ಗಿರಾಕಿಗಳು ಹೇಳಿ ಹೇಳಿ ಸೋತಿದ್ದಾರೆ. ಅವಳ ಗಂಡ ಕರೆಂಟು ಹೊಡೆದು ಕಂಬದ ಮೇಲೆಯೇ ತೀರಿಕೊಂಡದ್ದು ಅವರಿಗೂ ಗೊತ್ತು. ಆದರೂ ಬುದ್ಧಿ ಹೇಳುವುದಕ್ಕೆ ಖರ್ಚಿಲ್ಲವಲ್ಲ.

ಇಂಥವಳ ಮಗಳು ವಿದ್ಯುತ್ ಕೆಲಸದ ತರಬೇತಿಗೆ ಸೇರುತ್ತೇನೆಂದು ಹಟ ಹಿಡಿದಳು. ಬಾಯಿ ಒಂದು ಗಳಿಗೆಯೂ ನಿಲ್ಲದ ಈ ಹುಡುಗಿಗೆ ಬೀದಿಯವರು ಇಟ್ಟ ಹೆಸರು ಮೀಟರು. ಹನ್ನೆರಡನೇ ಕ್ಲಾಸು ಮುಗಿಸಿ, ಅಮ್ಮನ ಪಕ್ಕದಲ್ಲಿ ಊರವರ ಅಂಗಿ ಮಡಚುತ್ತ ಕೂತಿದ್ದಳು.

"ಅಮ್ಮ, ಫೀಸಿಲ್ಲ. ಊಟ, ಬಸ್ಸು ಎಲ್ಲಾ ಅವರದೇ. ನಮ್ಮಂಥೋರಿಗೇ ಅಂತ ಇಟ್ಟಿರೋದು. ಮುಗಿದ್ಮೇಲೆ ಸೋಲಾರ್ ಕೆಲಸನೋ, ಲೈನ್ ಕೆಲಸನೋ..."

"ನಿಮ್ಮಪ್ಪನ್ನ ತಿಂದಿದ್ದು ಸಾಲದಾ ಅದಕ್ಕೆ? ನಿನ್ನನ್ನೂ ಬಡಿಸ್ಲಾ?"

ಮೀಟರು ನಿಂತಿತು.

ಮರುದಿನ ತರಬೇತಿ ಕೇಂದ್ರದ ಮೇಡಂ, ಮಗಳಿಂದ ವಿಷಯ ತಿಳಿದು, ತಾವೇ ಇಸ್ತ್ರಿ ಅಂಗಡಿಗೆ ಬಂದರು. ಇಸ್ತ್ರಿಯವಳು ಸ್ಟೂಲು ಕೊಟ್ಟಳು, ಮುಖ ಕೊಡಲಿಲ್ಲ.

"ಯಜಮಾನ್ರಿಗೆ ಅವತ್ತು ಏನಾಯ್ತಕ್ಕ?"

"ಏನಾಗೋದು? ಕಂಟ್ರಾಕ್ಟರ್ ಹತ್ರ ಹೆಲ್ಪರ್ ಅಂತ ಹೋಗ್ತಿದ್ರು. 'ಕರೆಂಟ್ ಹೋಗಿದೆ, ಹತ್ತು' ಅಂದನಂತೆ ಮೇಸ್ತ್ರಿ. ಹತ್ತಿದ್ರು. ಬಂತು."

ಪೆಟ್ಟಿಗೆ ಅಂಗಿಯ ಮೇಲೆ ನಿಂತೇ ಇತ್ತು. ಮಗಳು ಧಾವಿಸಿ ಎತ್ತುವಷ್ಟರಲ್ಲಿ ಯಾರದೋ ಅಂಗಿಯ ಬೆನ್ನು ಕಂದಿಹೋಗಿತ್ತು.

"ಅಕ್ಕ, ಹೋದ ಕರೆಂಟೇ ಬೇರೆ, ತೆಗೆದ ಕರೆಂಟೇ ಬೇರೆ" ಎಂದರು ಮೇಡಂ. "ಹೋಗಿದ್ದು ಹೇಳದೆ ಕೇಳದೆ ವಾಪಸ್ ಬರುತ್ತೆ. ಅದಕ್ಕೇ ನಾವೇ ತೆಗೀಬೇಕು. ಸ್ವಿಚ್ಚಿಗೆ ಬೀಗ ಹಾಕಿ ಕೀ ಜೇಬಲ್ಲಿ ಇಟ್ಕೋಬೇಕು. ತಂತೀಲಿ ಏನೂ ಉಳಿದಿಲ್ಲ ಅಂತ ಟೆಸ್ಟರ್ ಹಿಡಿದು ನೋಡ್ಬೇಕು, ತಂತೀನ ನೆಲಕ್ಕೆ ಜೋಡಿಸಿ ಅರ್ಥಿಂಗ್ ಕೊಡ್ಬೇಕು. ಆಮೇಲೇ ಏಣಿ. 'ಹೋಗಿದೆ' ಅನ್ನೋರ ಮಾತು ನಂಬಿ ನಮ್ಮ ಮಕ್ಕಳು ಒಂದು ಮೆಟ್ಟಿಲೂ ಹತ್ತಲ್ಲ."

"ಇದನ್ನ ಕಲಿಯೋಕೆ ಎಷ್ಟು ದಿನ ಬೇಕು?"

"ಕೆಲಸ ಕೈಗೆ ಹತ್ತೋಕೆ ತಿಂಗಳುಗಳೇ ಬೇಕು. ಈ ಮಾತು ಮಾತ್ರ... ಮೊದಲನೇ ದಿನ ಬೆಳಿಗ್ಗೆನೇ ಹೇಳಿಕೊಡ್ತೀವಿ, ಅಕ್ಕ."

ಒಂದು ಬೆಳಗಿನ ಪಾಠ. ಅಷ್ಟನ್ನು ಅವಳ ಗಂಡನಿಗೆ ಯಾರೂ ಕೊಟ್ಟಿರಲಿಲ್ಲ. ಇಷ್ಟು ವರ್ಷ ಕರೆಂಟನ್ನೇ ಶಪಿಸಿಕೊಂಡು ಬಂದವಳಿಗೆ ಈಗ ಯಾರನ್ನು ಶಪಿಸಬೇಕೋ ತಿಳಿಯಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ಅತ್ತಳು. ಮಗಳು ಬೆನ್ನು ಸವರಿದಳು.

ಕೊನೆಗೆ ಇಸ್ತ್ರಿಯವಳು ಮುಖ ಒರೆಸಿಕೊಂಡಳು.

"ಕರಕೊಂಡು ಹೋಗಿ ಮೇಡಂ. ಆದ್ರೆ ಇವಳು ಬರೀ ಮಾತಾಡ್ತಾಳೆ, ಕೇಳಿಸ್ಕೊಳ್ಳೋದು ಕಮ್ಮಿ. ಆ ಪಾಠ ಎರಡು ಸಲ ಹೇಳ್ಕೊಡಿ."

ಓದುಗರೇ, ಕೆಲಸವಿಲ್ಲದೆ ಕೂತ, ಇಲ್ಲವೇ ಕಲಿಯದೆಯೇ ಕಂಬ ಹತ್ತುತ್ತಿರುವ ಮಗನೋ ಮಗಳೋ ನಿಮ್ಮ ಮನೆಯಲ್ಲೂ ಇರಬಹುದು. ಹತ್ತಿರದ ತರಬೇತಿ ಕೇಂದ್ರಕ್ಕೆ ಹೋಗಿ ಕೇಳಿ: ಬಡವರ ಮಕ್ಕಳಿಗೆ ಶುಲ್ಕವಿಲ್ಲದ ಸೀಟು ಇದೆಯೇ? ಸುರಕ್ಷತೆಯ ಪಾಠ ಮೊದಲು ಹೇಳುತ್ತಾರೆಯೇ? ಕಲಿತದ್ದಕ್ಕೆ ಪ್ರಮಾಣಪತ್ರ ಕೊಡುತ್ತಾರೆಯೇ? ಕೇಳಲು ಸಂಕೋಚ ಬೇಡ. ಕಂಬ ಹತ್ತಿದ ಆ ಒಬ್ಬನ ಪರವಾಗಿ ಯಾರೂ ಕೇಳಿರಲಿಲ್ಲ.