ಹಟ್ಟಿಗೆ ಹೋಗದ ಬಸ್ಸು

ಟಿಕೆಟ್ ತಗೊಳ್ಳದವರ ಮೇಲೆ ಕಂಡಕ್ಟರ್ ಬೊಮ್ಮಲಿಂಗಪ್ಪ ಜಗಳಕ್ಕೆ ನಿಂತರೆ ಇಡೀ ಬಸ್ಸು ತಿರುಗಿ ನೋಡಬೇಕು. ಆದರೆ ಗುರುತಿನವರಿಗೆ ‘ಇಲ್ಲ’ ಅನ್ನೋಕೆ ಮಾತ್ರ ಅವನ ನಾಲಿಗೆ ಹೊರಳುತ್ತಿರಲಿಲ್ಲ.

ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಹೋಗುವ ಆ ಖಾಸಗಿ ಬಸ್ಸು ದಿನಾ ಬೆಳಿಗ್ಗೆ ಟಾರು ರಸ್ತೆ ಬಿಟ್ಟು, ಮೂರು ಮೈಲಿ ಒಳಗಿನ ಗೊಲ್ಲರಹಟ್ಟಿಗೂ ಹೋಗಿಬರುತ್ತಿತ್ತು. ಡೀಸೆಲ್ ಮತ್ತೆ ಏರಿದಾಗ ಮಾಲೀಕ ಮುರುಗೇಂದ್ರಪ್ಪ, “ಹಟ್ಟಿಗೆ ತಿರುಗಿಸಿದ್ರೆ ಡೀಸೆಲ್ ಕಾಸೂ ಹುಟ್ಟಲ್ಲ ಕಣಯ್ಯ, ಬಿಟ್ಬಿಡಾನ?” ಎಂದ.

“ಹತ್ತೋರಾದ್ರೂ ಎಲ್ಲಿ ಅವ್ರೆ, ಬಿಡ್ರಿ” ಎಂದವನು ಬೊಮ್ಮಲಿಂಗಪ್ಪನೇ. ಹಟ್ಟಿಗೆ ಸುದ್ದಿ ಮುಟ್ಟಿಸುವ ಕೆಲಸವೂ ಅವನ ತಲೆಗೇ ಬಂತು.

ಮುಟ್ಟಿಸಲಿಲ್ಲ. ಹಟ್ಟಿಯವರ ಹತ್ತಿರ ಅವನ ನಂಬರಿತ್ತು. ಯಾರು ಫೋನ್ ಮಾಡಿದರೂ, “ಗಾಡಿ ಸ್ಪ್ರಿಂಗ್ ಪ್ಲೇಟು ಮುರಿದೈತೆ, ಮಣ್ಣುದಾರೀಲಿ ಬರಕಾಗಲ್ಲ. ರಿಪೇರಿ ಆದಮ್ಯಾಲೆ ಬರ್ತದೆ” ಅನ್ನುತ್ತಿದ್ದ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗವಿಲ್ಲ ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಒಂದು ಸಂಜೆ ಹಟ್ಟಿಯ ಕೆಂಚಕ್ಕ ಫೋನ್ ಮಾಡಿದಳು. “ಬೊಮ್ಮಣ್ಣ, ನಾಳೆ ನಮ್ ಗಂಗಿಗೆ ಪಿಯುಸಿ ಪರೀಕ್ಷೆ ಐತೆ. ಬಸ್ಸು ಬರ್ತದಾ?”

“ಬರ್ತದೆ ಬಿಡಕ್ಕ.”

ಈ ಸಲ ಅವನ ಮನಸ್ಸಿನಲ್ಲಿ ಸುಳ್ಳಿರಲಿಲ್ಲ. ಡ್ರೈವರ್ ಮಾರುತೇಶನಿಗೆ ಹೇಳಿ ಒಂದು ದಿನ ತಿರುಗಿಸಿದರಾಯಿತು ಅಂದುಕೊಂಡಿದ್ದ. ಬೆಳಿಗ್ಗೆ ನೋಡಿದರೆ ಮುಂದಿನ ಸೀಟಿನಲ್ಲಿ ಮುರುಗೇಂದ್ರಪ್ಪ ಕೂತಿದ್ದ. ಹಟ್ಟಿ ಕ್ರಾಸ್ ಬಂತು. ವಿಷಲ್ ಬಾಯಲ್ಲೇ ಇತ್ತು, ಊದಲು ಧೈರ್ಯ ಬರಲಿಲ್ಲ. ಜೇಬಿನಲ್ಲಿ ಫೋನ್ ಬಡಕೊಂಡಿತು, ತೆಗೆಯಲಿಲ್ಲ.

ಕೆಂಚಕ್ಕನ ಮಗಳು ಗಂಗಲಕ್ಷ್ಮಿ ಹಟ್ಟಿಯಲ್ಲೇ ಕಾದು ಕಾದು, ಆಮೇಲೆ ಕ್ರಾಸಿಗೆ ಓಡಿಬಂದು, ಸಿಕ್ಕ ಆಟೋ ಹತ್ತಿ ಚಳ್ಳಕೆರೆ ಮುಟ್ಟುವಷ್ಟರಲ್ಲಿ ಕಾಲೇಜಿನ ಗೇಟು ಹಾಕಿತ್ತಂತೆ. ಈ ಸುದ್ದಿ ಬೊಮ್ಮಲಿಂಗಪ್ಪನ ಕಿವಿಗೂ ಬಿತ್ತು.

ಮುಂದಿನ ವಾರ ಕ್ರಾಸಿನಲ್ಲಿ ಕೆಂಚಕ್ಕ ಕೈ ಅಡ್ಡ ಹಾಕಿದಳು. ಉಗಿಯಲಿ, ಬಯ್ಯಲಿ ಎಂದುಕೊಂಡೇ ಅವನು ಇಳಿದ. ಅವಳು ಒಂದು ಡಬ್ಬಿ ಚಾಚಿದಳು. ಹಸು ಕರು ಹಾಕಿದರೆ ಬಸ್ಸಿನವರಿಗೂ ಗಿಣ್ಣು ಕೊಡುವುದು ಹಟ್ಟಿಯ ವಾಡಿಕೆ.

“ಪ್ಲೇಟು ರಿಪೇರಿ ಆತಾ ಬೊಮ್ಮಣ್ಣ? ಅವತ್ತು ಬರೋ ದಾರೀಲಿ ಮತ್ತೆ ಮುರೀತೇನೋ ಅಂದ್ಕೊಂಡೆ. ಗಂಗಿ, ‘ಆ ಕಂಡಕ್ಟ್ರು ಸುಳ್ಳ ಕಣವ್ವ’ ಅಂದ್ಲು. ಕಪಾಳಕ್ಕೆ ಒಂದು ಕೊಟ್ಟೆ.”

ನೆಲ ಬಾಯಿ ಬಿಡಬಾರದೇ ಅನಿಸಿತು ಅವನಿಗೆ. “ಪ್ಲೇಟು ಮುರಿದೇ ಇರ್ಲಿಲ್ಲಕ್ಕ. ಡೀಸೆಲ್ ಗಿಟ್ಟಲ್ಲ ಅಂತ ನಾವೇ ನಿಲ್ಸಿದ್ವಿ. ಇನ್ನು ಬರೋದೇ ಇಲ್ಲ.”

ಕೆಂಚಕ್ಕ ಹಟ್ಟಿಯ ದಾರಿಗೆ ತಿರುಗಿದಳು. “ಅಷ್ಟೇ ಅಂದಿದ್ರೆ, ಹಿಂದಿನ ದಿನಾನೇ ಗಂಗೀನ ಚಳ್ಳಕೆರೆ ತಂಗಿ ಮನೇಲಿ ಬಿಟ್ಟು ಬರ್ತಿದ್ನಲ್ಲಪ್ಪ. ನಡಿ, ಅವಳ ಮುಂದೆ ಹೇಳು.”

ಅವನು ಟಿಕೆಟ್ ಚೀಲವನ್ನು ಮಾರುತೇಶನಿಗೆ ಕೊಟ್ಟು ಅವಳ ಹಿಂದೆ ನಡೆದ. ಬಿಸಿಲಿನಲ್ಲಿ ಆ ದಾರಿ ಮುಗಿಯಲೇ ಇಲ್ಲ.

ಬಾಗಿಲಲ್ಲಿ ನಿಂತು ಎಲ್ಲ ಹೇಳಿದ. ಗಂಗಿ ಅವನ ಕಡೆ ನೋಡಲಿಲ್ಲ, ಅವ್ವನನ್ನೇ ನೋಡಿದಳು. ಕೆಂಚಕ್ಕ ಅಳುತ್ತಾ ಮಗಳ ಕೆನ್ನೆ ಸವರಿದಳು. ಎತ್ತ ನೋಡಬೇಕೋ ಬೊಮ್ಮಲಿಂಗಪ್ಪನಿಗೆ ತಿಳಿಯಲಿಲ್ಲ.