ಅಡವಿಯಪ್ಪನವರು ಭದ್ರವಾಗಿಟ್ಟ ಡ್ರೋನ್

ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎನ್ನುವುದನ್ನು ನಾನು ಬರೀ ಗಾದೆ ಅಂದುಕೊಂಡಿದ್ದೆ. ಗುಬ್ಬಿ ತಾಲ್ಲೂಕಿನಲ್ಲಿ ಇನ್ಸ್‌ಪೆಕ್ಟರ್ ಅಡವಿಯಪ್ಪನವರು ಅದನ್ನೇ ಕಾನೂನು ಮಾಡಿಕೊಂಡಿದ್ದರು.

ನನ್ನ ಕೆಲಸ ಮದುವೆಗಳಲ್ಲಿ ಡ್ರೋನ್ ಹಾರಿಸುವುದು. ಬಿಡುವಿದ್ದರೆ ಆರ್ಕೆಸ್ಟ್ರಾದಲ್ಲಿ ಮಿಮಿಕ್ರಿ. ಹೋದ ವರ್ಷ ನಿಟ್ಟೂರಿನಲ್ಲಿ ಹಳಿ ಪಕ್ಕದ ತೋಟದಲ್ಲಿ ವಧೂವರರ ಮೇಲೆ ಡ್ರೋನ್ ಏರಿಸಿದಾಗ, ಹಿಂದೆ ಗೂಡ್ಸ್ ರೈಲೊಂದು ಹೋಯಿತು. ಅದರ ಮೇಲೆ ಸೈನ್ಯದ ಲಾರಿಗಳಿದ್ದವು. ಯಾರೋ ಫೋನ್ ಮಾಡಿದರು. ಪೊಲೀಸರು ಬಂದು ವಿಚಾರಿಸಿದ್ದು ತಪ್ಪಲ್ಲ. ಲಾರಿಗಳಲ್ಲಿ ಹೋಗುವವರು ನಮ್ಮವರೇ. ರೈಲಿನ ಚಿತ್ರ ಅಳಿಸಿ ಎಂದು ನಾನೇ ಕಾರ್ಡ್ ಕೊಟ್ಟೆ. ಅಳಿಸಿದರು. ಡ್ರೋನ್ ಮಾತ್ರ ಇಟ್ಟುಕೊಂಡರು. ಮಹಜರಿಲ್ಲ, ರಸೀದಿಯಿಲ್ಲ, ಕೇಸೂ ಇಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆನೇನೋ. ಠಾಣೆಗೆ ಕರೆದೊಯ್ದ ಮೇಲೆ, ಇವನು ಮಿಮಿಕ್ರಿಯವನು ಎಂದು ಪೇದೆಯೊಬ್ಬ ಹೇಳಿಬಿಟ್ಟ. ಅಡವಿಯಪ್ಪನವರು ಕುರ್ಚಿಯನ್ನು ಹಿಂದಕ್ಕೆ ವಾಲಿಸಿದರು.

"ಡ್ರೋನ್ ಇಲ್ಲಿರ್ಲಿ ಕಣ್ಲಾ. ನೀನು ಬಾಯಲ್ಲೇ ಹಾರ್ಸು, ನೋಡಾನ."

ಹಾರಿಸಿದೆ. ಠಾಣೆಯೆಲ್ಲ ನಕ್ಕಿತು. ನನ್ನನ್ನು ಬಿಡಿಸಿಕೊಳ್ಳಲು ಬಂದಿದ್ದ ಅಪ್ಪ ಬೆಂಚಿನ ಮೇಲೆ ಕೂತು ತಮ್ಮ ಚಪ್ಪಲಿಗಳನ್ನೇ ನೋಡುತ್ತಿದ್ದರು. "ಸಾಕು, ಇಳ್ಸು" ಅಂದರು ಅಡವಿಯಪ್ಪ. ಇಳಿಸಿದೆ. ಗಂಟಲಿಂದ ಕೆಳಗೆ ಮಾತ್ರ ಅದು ಇವತ್ತಿಗೂ ಇಳಿದಿಲ್ಲ.

ನನ್ನ ಡ್ರೋನ್ ಎಲ್ಲಿದೆ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಮೂರನೆಯ ಅರ್ಜಿಗೆ ಅಡವಿಯಪ್ಪನವರದೇ ಸಹಿಯಲ್ಲಿ ಉತ್ತರ ಬಂತು: 'ಸದರಿ ಉಪಕರಣವನ್ನು ಮೊಹರು ಮಾಡಿ ಠಾಣೆಯಲ್ಲಿ ಭದ್ರವಾಗಿ ಇರಿಸಲಾಗಿದೆ. ದೇಶದ ಭದ್ರತೆಯ ದೃಷ್ಟಿಯಿಂದ ಹೆಚ್ಚಿನ ಮಾಹಿತಿ ನೀಡಲು ಬರುವುದಿಲ್ಲ.' ಒಂದು ಕೆಮ್ಮು, ಆಮೇಲೆ ಮೂಗಿನಿಂದ ಎಳೆದ 'ಸದರೀ', ಹೀಗೆ ಅವರ ದನಿಯಲ್ಲೇ ಅದನ್ನು ಬಾಯಿಪಾಠ ಮಾಡಿಕೊಂಡೆ.

ಡ್ರೋನ್ ಇಲ್ಲದವನು ತುಮಕೂರಿನಲ್ಲಿ ಕೂತು ಬೇರೆಯವರ ಮದುವೆ ವಿಡಿಯೊ ಎಡಿಟ್ ಮಾಡತೊಡಗಿದೆ. ಒಂದು ದಿನ ಕುಣಿಗಲ್ಲಿನ ಸ್ಟುಡಿಯೊ ಗುರುಪ್ರಕಾಶ್ ಹಾರ್ಡ್‌ಡಿಸ್ಕ್ ಕಳಿಸಿದ. ಪೊಲೀಸ್ ಪಾರ್ಟಿಯಂತೆ, ಬೇಗ ಬೇಕಂತೆ. ಡ್ರೋನ್ ಹೆಣ್ಣಿನ ಕಡೆಯವರದೇ ಅಂತೆ.

ಡ್ರೋನ್ ವಿಡಿಯೊದಲ್ಲಿ ಯಾವ ಎಡಿಟರ್ ಆದರೂ ಮೊದಲು ಕತ್ತರಿಸಿ ಎಸೆಯುವುದು ಏರುವ ಮತ್ತು ಇಳಿಯುವ ತುಣುಕುಗಳನ್ನು. ಅಲ್ಲಿರುವುದು ಹಾರಿಸುವವರ ಬೂಟು, ಮೇಲೆ ನೋಡುವ ಮುಖ, ಅಷ್ಟೇ. ಕತ್ತರಿಸಲು ಕೈಯಿಟ್ಟವನು ನಿಂತುಬಿಟ್ಟೆ. ಚಿತ್ರದ ಎಡಮೂಲೆಯಲ್ಲಿ ಉಗುರಿನಷ್ಟು ಬಿಳಿ ಗೀರು. ಊರ್ಡಿಗೆರೆಯಲ್ಲಿ ತೆಂಗಿನ ಗರಿಗೆ ಬಡಿದು ನನ್ನ ಡ್ರೋನಿನ ಲೆನ್ಸಿಗೆ ಬಿದ್ದಿದ್ದ ಗೀರು. ಜಾಗ ಮಾರ್ಕೋನಹಳ್ಳಿ ಅಣೆಕಟ್ಟಿನ ಏರಿ. 'ಇಲ್ಲಿ ಚಿತ್ರೀಕರಣ ನಿಷೇಧಿಸಲಾಗಿದೆ' ಎಂಬ ಬೋರ್ಡಿನ ಮುಂದೆ ರಿಮೋಟ್ ಹಿಡಿದು ಬಾಯಿ ತೆರೆದು ಮೇಲೆ ನೋಡುತ್ತಿದ್ದವರು ವಧುವಿನ ತಂದೆ, ಅಡವಿಯಪ್ಪ. ಫೈಲಿನ ತಾರೀಖು, ನನಗೆ ಉತ್ತರ ಬರೆದ ಮೂರನೆಯ ದಿನ.

ಮದುವೆ ವಿಡಿಯೊವನ್ನು ಚಂದವಾಗಿ ಮಾಡಿ ಕಳಿಸಿದೆ. ಕತ್ತರಿಸಿದ ಕಸವನ್ನು ನಾನಿಟ್ಟುಕೊಂಡೆ. ಮೇಲ್ಮನವಿ ಹಾಕಿದೆ.

ವಿಚಾರಣೆ ತುಮಕೂರಿನಲ್ಲಿ, ಡಿವೈಎಸ್‌ಪಿ ಸರ್ವಮಂಗಳ ಮೇಡಂ ಮುಂದೆ. ಅಪ್ಪನನ್ನು ಒತ್ತಾಯ ಮಾಡಿ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದೆ. ಡ್ರೋನ್ ಮೊಹರಿನಲ್ಲಿದೆ ಎಂದು ಅಡವಿಯಪ್ಪನವರು ಮತ್ತೆ ಹೇಳಿದರು. ನಾನು ಲ್ಯಾಪ್‌ಟಾಪ್ ತೆರೆದೆ.

ಡ್ರೋನ್ ವಿಡಿಯೊಗೆ ದನಿ ಇರುವುದಿಲ್ಲ. ಪರದೆಯ ಮೇಲೆ ಅವರ ತುಟಿ ಅಲುಗುತ್ತಿತ್ತು. ದನಿ ನಾನು ಕೊಟ್ಟೆ. ಒಂದು ಕೆಮ್ಮು. "ಸದರೀ ಉಪಕರಣವನ್ನು ಮೊಹರು ಮಾಡಿ..." ಡ್ರೋನ್ ಏರಿತು, ಬೋರ್ಡು ಕಂಡಿತು, ಬಾಸಿಂಗ ಕಟ್ಟಿದ ವಧೂವರರು ಕಂಡರು, ಅಣೆಕಟ್ಟು ತುಂಬಿಕೊಂಡಿತು. "ದೇಶದ ಭದ್ರತೆಯ ದೃಷ್ಟಿಯಿಂದ..."

ಟೈಪಿಸ್ಟ್ ಬಗ್ಗಿ ಪೆನ್ನು ಹುಡುಕತೊಡಗಿದರು. ಮೇಡಂ ನಗಲಿಲ್ಲ.

"ಏನ್ರೀ ಇದು, ಅಡವಿಯಪ್ಪ?"

"ಟೆಸ್ಟಿಂಗ್‌ಗೆ ಅಂತ ಮೇಡಂ..."

"ಟೆಸ್ಟಿಂಗ್‌ಗೆ ಧಾರೆ ಯಾಕ್ರೀ ಎರೆದ್ರಿ?"

ಪೇದೆಯೊಬ್ಬ ಹೋಗಿ ಅಡವಿಯಪ್ಪನವರ ಮನೆಯಿಂದ ಡ್ರೋನ್ ತಂದ, ಸೀರೆ ಅಂಗಡಿಯ ಚೀಲದಲ್ಲಿ. ಆಮೇಲೆ ಮೇಡಂ ನನಗೆ ಬಿಡಿಸಿ ಹೇಳಿದರು. ತಕರಾರಿಲ್ಲ ಎಂದು ಬರೆದುಕೊಟ್ಟರೆ ಡ್ರೋನ್ ಇವತ್ತೇ ಕೈಗೆ. ದೂರು ಕೊಟ್ಟರೆ ಅದು ಸಾಕ್ಷ್ಯ. ಕೇಸು ಮುಗಿಯುವವರೆಗೆ, ವರ್ಷಗಳೇ ಆಗಬಹುದು, ಸಿಗುವುದಿಲ್ಲ. ಮುಂದಿನ ವಾರದಿಂದ ಲಗ್ನಗಳ ಸೀಸನ್. ಅಡವಿಯಪ್ಪನವರು ಪಕ್ಕಕ್ಕೆ ಬಂದು ದನಿ ತಗ್ಗಿಸಿದರು.

"ತಗೊಂಡ್ ಹೋಗಪ್ಪ ಚನ್ನೇಶ. ಇಲ್ಲಿಗೇ ಬುಟ್ಬುಡು. ಇನ್ನೆರಡು ವರ್ಷಕ್ಕೆ ರಿಟೈರ್ ಆಗ್ತೀನಿ."

ಒಂದು ವರ್ಷದಲ್ಲಿ 'ಕಣ್ಲಾ' ಹೋಗಿ 'ಅಪ್ಪ' ಬಂದಿತ್ತು. ನಾನು ನನ್ನ ಅಪ್ಪನ ಕಡೆ ನೋಡಿದೆ. ಅವರು ಚಪ್ಪಲಿ ನೋಡುತ್ತಿರಲಿಲ್ಲ.

"ದೂರು ಕೊಡ್ತೀನಿ ಮೇಡಂ," ಅಂದೆ. "ಸೀಲ್ ಮಾಡ್ಸಿ. ಈ ಸಲ ಮಹಜರ್ ಬರೆದು."

ಬರೆದರು. ಯಾರಿಂದ ವಶಪಡಿಸಿಕೊಂಡದ್ದು ಎಂಬ ಸಾಲಿನ ಕೆಳಗೆ ಅಡವಿಯಪ್ಪನವರು ಸಹಿ ಹಾಕಬೇಕಿತ್ತು. ಪೇದೆ ಬಟ್ಟೆ ಹೊಲಿದು ಗಂಟಿನ ಮೇಲೆ ಅರಗು ತೊಟ್ಟಿಕ್ಕಿಸುತ್ತಿದ್ದ. ನಾನು ಅಪ್ಪನ ಪಕ್ಕ ಕೂತು, ಸಣ್ಣಗೆ, ಬಾಯಲ್ಲೇ ಡ್ರೋನ್ ಏರಿಸಿದೆ. ಪೆನ್ನು ಹಿಡಿದ ಕೈ ನಿಂತಿತು.

"ಸಾಕು, ಇಳ್ಸು," ಅಂದರು ಅಡವಿಯಪ್ಪ, ತಲೆಯೆತ್ತದೆ.

ಇಳಿಸಲಿಲ್ಲ.